ಬಾಯಿಂದ ಬಿದ್ದದ್ದು

ಚಳಿ ಪೂರ್ತಿ ಬಿಟ್ಟಿರಲಿಲ್ಲ, ಬಿಸಿಲು ಇನ್ನೂ ಬಲಿತಿರಲಿಲ್ಲ. ನೇಯುವವರಿಗೆ ಹಾಸು ಚಾಚಲು ಇಂಥ ದಿನಗಳು ಸಿಗುವುದು ಕಡಿಮೆ. ಗಾಳಿ ಇರಬೇಕು, ಆದರೆ ಎಳೆ ಕದಡುವಷ್ಟಲ್ಲ. ಬಿಸಿಲಿರಬೇಕು, ಆದರೆ ಗಂಜಿ ಹಚ್ಚಿ ಕುಂಚ ಎತ್ತಿಕೊಳ್ಳುವಷ್ಟರಲ್ಲಿ ಒಣಗಿಸಿಬಿಡುವಂಥದ್ದಲ್ಲ. ಬೆಳಕು ಹರಿಯುವ ಹೊತ್ತಿಗೇ ಓಣಿಯ ಆ ತುದಿಯ ಗೂಟದಿಂದ ಈ ತುದಿಯ ಗೂಟಕ್ಕೆ ಬಿಳಿ ಎಳೆಗಳನ್ನು ಬಿಗಿದು, ನಡುನಡುವೆ ಕೋಲು ತೂರಿಸಿ, ಮನೆಗಳ ನಡುವೆ ಒಂದು ಬಿಳಿ ಹೊಳೆ ಹರಿಸಿದ್ದರು. ಮಗ್ಗಕ್ಕೆ ಏರುವ ಮೊದಲು ಈ ಎಳೆಗಳು ಗಂಜಿ ಕುಡಿಯಬೇಕು, ಕುಂಚದ ಕೆಳಗೆ ಮೈ ನೆಟ್ಟಗೆ ಮಾಡಿಕೊಳ್ಳಬೇಕು, ಒಂದಕ್ಕೊಂದು ಅಂಟದೆ ಒಣಗಬೇಕು. ಒಮ್ಮೆ ಗಂಜಿ ಮುಟ್ಟಿಸಿದ ಮೇಲೆ ಕೈ ಬಿಡುವಂತಿಲ್ಲ. ಬಿಟ್ಟರೆ ಎಳೆ ಎಳೆಯನ್ನು ಕಚ್ಚಿಕೊಂಡು ಹಾಸೆಲ್ಲ ಹಗ್ಗವಾಗುತ್ತದೆ. ಮನೆಗೆ ಬೆಂಕಿ ಬಿದ್ದರೂ ಗಂಜಿ ಹಚ್ಚಿದವರು ಕುಂಚ ಕೆಳಗಿಡಬಾರದು ಅಂತ ಅವಳ ಅತ್ತೆ ಹೇಳುತ್ತಿದ್ದಳು. ಈಗ ಹೇಳುವುದಿಲ್ಲ. ಈಗ ಆ ಮನೆಯಲ್ಲಿ ಬೆಂಕಿ ಎನ್ನುವ ಮಾತನ್ನೇ ಯಾರೂ ಆಡುವುದಿಲ್ಲ.

ಹಾಸಿನ ಈ ಮಗ್ಗುಲಿಗೆ ಅವಳು, ಆ ಮಗ್ಗುಲಿಗೆ ಗಂಡ. ಗಂಜಿಯನ್ನು ಓರಗಿತ್ತಿ ತನ್ನ ಹಿತ್ತಲಲ್ಲಿ ಕಾಯಿಸಿ, ತಣ್ಣಗಾದ ಮೇಲೆ ಬಕೆಟ್ಟಿನಲ್ಲಿ ತಂದಿಟ್ಟು, "ಆರಿದೆ ಕಣೇ, ಪೂರ್ತಿ ಆರಿದೆ" ಅಂದಿದ್ದಳು. ಅವಳೇನೂ ಕೇಳಿರಲಿಲ್ಲ. ಕೇಳದೆ ಇದ್ದುದಕ್ಕೆ ಉತ್ತರ ಕೊಡುವವರೇ ಸುತ್ತಲೂ ತುಂಬಿಕೊಂಡಿದ್ದರು. ಮಳೆಗಾಲ ಕಳೆದ ಮೇಲಿನ ಆ ದಿನದಿಂದ ಅವಳ ಒಲೆಯ ಮೇಲೆ ಗಂಜಿಯ ಪಾತ್ರೆ ಏರಿರಲಿಲ್ಲ. ಅದನ್ನು ಯಾರೂ ತೀರ್ಮಾನ ಮಾಡಿದ್ದಲ್ಲ, ಸುಮ್ಮನೆ ಹಾಗಾಯಿತು, ಪಾತ್ರೆ ಓರಗಿತ್ತಿಯ ಹಿತ್ತಲಿಗೆ ಹೋಯಿತು, ಅಷ್ಟೆ. ಕುಂಚವನ್ನು ಅವಳು ಎಳೆಗಳ ಮೇಲೆ ಬೀಸಿ ಬೀಸಿ ಎಳೆಯುತ್ತಿದ್ದಳು. ಗಂಡ ಬೆಕ್ಕಿನ ಬೆನ್ನು ಸವರಿದಂತೆ ಸವರುತ್ತಿದ್ದ. ಅವನ ಕುಂಚದ ಆ ಮೆತ್ತನೆಯ ಸರ್ ಸರ್ ಸದ್ದು ಬೆಳಗಿನಿಂದ ಅವಳ ತಲೆಯೊಳಗೆ ಹುಳು ಕೊರೆದಂತೆ ಕೊರೆಯುತ್ತಿತ್ತು. ಒಳ್ಳೆಯವನು. ಊರೆಲ್ಲ ಅವನನ್ನು ಹಾಗೇ ಕರೆಯುವುದು, ಅದೇ ಅವನ ಹೆಸರೋ ಎಂಬಂತೆ. ಮಗುವಿಗೆ ಹಾಗಾದಾಗ ಅವನು ಯಾರನ್ನೂ ಒಂದು ಮಾತು ಅನ್ನಲಿಲ್ಲವಂತೆ. ಹೆಂಡತಿಯ ಮೇಲೆ ಕೈ ಎತ್ತಲಿಲ್ಲವಂತೆ. ಎತ್ತಬೇಕಿತ್ತು ಅನಿಸಿತು ಅವಳಿಗೆ. ಎತ್ತಿದ್ದರೆ ತಾನೂ ತಿರುಗಿ ಎರಡು ಕೊಡುತ್ತಿದ್ದಳು, ಅಲ್ಲಿಗೆ ಏನೋ ಒಂದು ಮುಗಿಯುತ್ತಿತ್ತು. ಅವನು ಅನ್ನದೆ ಇಟ್ಟುಕೊಂಡ ಮಾತು ಮನೆಯ ಮೂಲೆಯಲ್ಲಿ ಮೂಟೆ ಕಟ್ಟಿಟ್ಟ ಹಾಗೆ ಕೂತಿತ್ತು. ಕಸ ಗುಡಿಸುವಾಗೆಲ್ಲ ಅವಳ ಕಾಲು ಅದಕ್ಕೇ ಎಡವುತ್ತಿತ್ತು.

ಬೆಳಿಗ್ಗೆ ಸಂಜೆ ಮಗುವಿನ ಕೈಗೆ ಮುಲಾಮು ತಿಕ್ಕಿ ಬೆರಳು ಬಿಡಿಸುವ ಕೆಲಸವೂ ಈ ಒಳ್ಳೆಯವನದೇ. ಮಗುವೇ ಹಾಗೆ ಮಾಡಿದ್ದು. ಆಸ್ಪತ್ರೆಯಿಂದ ಬಂದ ಮೊದಲ ಸಂಜೆ ಅವಳು ಹತ್ತಿರ ಕೂತು ಕೈ ಚಾಚಿದಾಗ ಮಗು ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು "ಅಪ್ಪ ಮಾಡ್ಲಿ" ಅಂದಿತು. ಅಪ್ಪ ಮಾಡಿದ. ಕಿರುಬೆರಳನ್ನು ಎರಡು ಬೆರಳಲ್ಲಿ ಹಿಡಿದು ಹೂವಿನ ಎಸಳು ಬಿಡಿಸುವಂತೆ ಬಿಡಿಸಿದ, ಮಗು "ಸಾಕಪ್ಪ" ಅಂದಿತು, ಸಾಕು ಮಾಡಿದ. ಅಂದಿನಿಂದ ದಿನವೂ ಅದೇ. ಮನೆಗೆ ಬಂದಾಗ ನೆಟ್ಟಗೆ ಚಾಚುತ್ತಿದ್ದ ಕಿರುಬೆರಳು ಈಗ ಅಂಗೈ ಕಡೆಗೆ ಕೊಕ್ಕೆಯಾಗುತ್ತಿದೆ, ಪಕ್ಕದ್ದೂ ಅದರ ಜೊತೆಗೆ ಹೊರಟಿದೆ. ಹೀಗೇ ಆದರೆ ಮತ್ತೆ ಕೊಯ್ಯಬೇಕಾಗುತ್ತದೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಮತ್ತೆ ತೊಡೆಯ ಚರ್ಮ ತೆಗೆದು ಅಲ್ಲಿ ಹೊಲಿಯಬೇಕಾಗುತ್ತದೆ. ಅದನ್ನು ಕೇಳಿಯೂ ಅವನು ಸಂಜೆ ಮಗು "ಸಾಕಪ್ಪ" ಅಂದಕೂಡಲೆ ಬಿಡುತ್ತಾನೆ, ಬಿಟ್ಟು ಮಗುವಿನ ತಲೆ ಸವರುತ್ತಾನೆ. ತಲೆ ಸವರಿದರೆ ಬೆರಳು ನೆಟ್ಟಗಾಗುತ್ತದಾ? ಅವಳು ಒಮ್ಮೆ ಕೇಳಿದ್ದಳು. "ನೋಯುತ್ತೆ ಕಣೆ ಅದಕ್ಕೆ" ಅಂದ. ನೋಯುತ್ತೆ! ಅದು ತನಗೆ ಗೊತ್ತಿಲ್ಲ ಎನ್ನುವ ಹಾಗೆ.

ಮಗು ಜಗಲಿಯ ಮೆಟ್ಟಿಲ ಮೇಲೆ ಕೂತಿತ್ತು. ಮನೆಯಲ್ಲಿ ಅದನ್ನು ಕರೆಯುವುದು ಲಾಳಿ ಅಂತ. ನಡೆಯಲು ಕಲಿತಂದಿನಿಂದ ಮಗ್ಗದ ಲಾಳಿಯ ಹಾಗೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇದ್ದುದಕ್ಕೆ ಅಜ್ಜಿ ಇಟ್ಟ ಹೆಸರು. ಈಗ ಆ ಲಾಳಿ ಕೂರಿಸಿದಲ್ಲಿ ಕೂರುತ್ತದೆ. ಬಲಗೈಗೆ ಆಸ್ಪತ್ರೆಯವರು ಕೊಟ್ಟ ಬಿಗಿಯಾದ ಕೈಗವಸು. ಚರ್ಮದ ಬಣ್ಣದ್ದು ಅಂತ ಹೇಳಿ ಕೊಟ್ಟಿದ್ದರು; ಯಾರ ಚರ್ಮದ ಬಣ್ಣವೋ. ಕೂತಿದ್ದ ಮಗು ಒಳ್ಳೆಯ ಮಗುವಾಗಿತ್ತು. ಊಟ ಇಟ್ಟರೆ ಉಣ್ಣುತ್ತದೆ, ಮಲಗು ಅಂದರೆ ಮಲಗುತ್ತದೆ, ಏನು ಹೇಳಿದರೂ "ಆಯ್ತಮ್ಮ." ಮೊದಲು ಹೀಗಿತ್ತೇ? ಒಂದಕ್ಕೆರಡು ಎದುರಾಡುತ್ತಿತ್ತು, ಕಂಡಿಕೆಯ ನೂಲು ಗೋಜಲು ಮಾಡಿ ಅಟ್ಟದ ಮೇಲೆ ಅಡಗಿಕೊಳ್ಳುತ್ತಿತ್ತು, ಅಜ್ಜಿಯ ಬೈಗುಳಗಳನ್ನು ಅಜ್ಜಿಯದೇ ದನಿಯಲ್ಲಿ ಬೈದು ತೋರಿಸಿ ಓಣಿಯನ್ನೆಲ್ಲ ನಗಿಸುತ್ತಿತ್ತು. ಶಾಲೆಯ ಟೀಚರು ಮೊನ್ನೆ ಸಿಕ್ಕಿ, "ಎಷ್ಟು ತಿದ್ದಿಕೊಂಡುಬಿಟ್ಟಿದ್ದಾಳೆ ನಿಮ್ಮ ಹುಡುಗಿ" ಅಂದಳು. ಹುಡುಗರು ಆ ಕೈ ನೋಡಿ ಕೋಳಿಕಾಲು ಅಂತ ಕರೆಯುವುದು ಆ ಟೀಚರಿಗೆ ಕೇಳಿಸಿಲ್ಲ. ತಿದ್ದಿಕೊಂಡಿದ್ದಾಳಂತೆ. ಆ ಮಾತಿಗೆ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ನಡುಬೀದಿಯಲ್ಲಿ ನಿಂತು, ಕೈಯಲ್ಲಿದ್ದ ಚೀಲದ ಹಿಡಿಯನ್ನು ಕಿತ್ತುಹೋಗುವಷ್ಟು ತಿರುಚಿದ್ದಳು.

ಮನೆಯ ಮಾತುಗಳನ್ನೆಲ್ಲ ಸೋಸಿಬಿಟ್ಟಿದ್ದರು. ಮೊದಮೊದಲು ಅತ್ತೆ, ಆಮೇಲೆ ಎಲ್ಲರೂ. ಅತ್ತೆಯ ಬಾಯಿ ಅಂದರೆ ಓಣಿಗೆಲ್ಲ ಹೆಸರಾದದ್ದು. ನಿನ್ನ ಮೋರೆ ಸುಡ, ನಿನ್ನ ಬಾಯಿಗಿಷ್ಟು ಬೆಂಕಿ ಹಾಕ, ನಿನ್ನ ನಾಲಗೆ ಬಿದ್ದುಹೋಗ ಎನ್ನದೆ ಅವಳಿಗೆ ಮಗನನ್ನು ಊಟಕ್ಕೆ ಕರೆಯಲೂ ಬರುತ್ತಿರಲಿಲ್ಲ. ಅದರಲ್ಲಿ ಕೋಪವೂ ಇರುತ್ತಿತ್ತು, ಅಕ್ಕರೆಯೂ ಇರುತ್ತಿತ್ತು, ಬಹಳ ಸಲ ಏನೂ ಇರುತ್ತಿರಲಿಲ್ಲ. ಕೆಮ್ಮಿದ ಹಾಗೆ ಅಷ್ಟೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವಳು ಆ ಬೈಗುಳ ಕೇಳಿ ಒಳಮನೆಯಲ್ಲಿ ಕೂತು ಅತ್ತಿದ್ದಳು; ವರ್ಷ ಕಳೆಯುವುದರೊಳಗೆ ತಾನೂ ಕಲಿತಿದ್ದಳು. ಈಗ ಅತ್ತೆ ಹೊಟ್ಟೆ ಉರಿಯುತ್ತದೆ ಅನ್ನಲು ಬಾಯಿ ತೆರೆದು, ಹೊಟ್ಟೆ, ಹೊಟ್ಟೆ ಎಂದು ತಡವರಿಸಿ, ಹೊಟ್ಟೆ ಸರಿಯಿಲ್ಲ ಎಂದು ಮುಗಿಸುತ್ತಾಳೆ. ಓರಗಿತ್ತಿ ಒಂದು ದಿನ ಬಿಸಿಬಿಸಿ ಸುದ್ದಿ ತಂದೆ ಅಂತ ಓಡಿಬಂದು ನಾಲಗೆ ಕಚ್ಚಿಕೊಂಡು ಹೊಸ್ತಿಲಲ್ಲೇ ನಿಂತಳು. ಸುದ್ದಿ ಏನೆಂದು ಕೊನೆಗೂ ಹೇಳಲಿಲ್ಲ. ಮಾತು ಸೋಸಿ ಸೋಸಿ ಮನೆಯಲ್ಲಿ ಮಾತೇ ಉಳಿದಿರಲಿಲ್ಲ. ಆದರೆ ಎಲ್ಲರೂ ಸೋಸಿದ್ದು ಸುಡುವ ಮಾತುಗಳನ್ನು. ಸೋಸಬೇಕಾಗಿದ್ದ ಮಾತು ಅದಲ್ಲ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವಳಿಗೆ ಮತ್ತು ಮಗುವಿಗೆ.

ಆ ದಿನವೂ ಹೀಗೇ ಹಾಸು ಚಾಚುವ ದಿನ. ಮೋಡ ಕವಿಯುವ ಹಾಗಿತ್ತು, ಆತುರವಿತ್ತು. ಕಾಯಿಸಿದ ಗಂಜಿಯನ್ನು ಅವಳು ಒಲೆಯಿಂದ ಇಳಿಸಿ ಹಿತ್ತಲ ಬಾಗಿಲ ಬಳಿ ಇಟ್ಟಿದ್ದಳು. ಹಿಡಿದುಕೋ ಅಂತ ಕೊಟ್ಟ ಎಳೆಗಳ ತುದಿಯನ್ನು ಲಾಳಿ ಬಿಟ್ಟುಬಿಟ್ಟಿತು. ಒಂದು ಬೆಳಗಿನ ಕೆಲಸ ಗೋಜಲಾಗಿ ನೆಲಕ್ಕೆ ಬಿತ್ತು. "ನಿನ್ ಕೈ ಸೇದ್ಹೋಗ! ಒಂದು ಎಳೆ ನೆಟ್ಟಗೆ ಹಿಡಿಯೋಕೆ ಬರಲ್ವೇನೇ?" ಅಂದಳು ಅವಳು. ದಿನಕ್ಕೆ ಹತ್ತು ಸಲ ಅನ್ನುವ ಮಾತು. ಹೇಳಿ ಗೋಜಲು ಬಿಡಿಸಲು ಬಗ್ಗಿದಳು. ಲಾಳಿ, ಅಮ್ಮನ ಕೋಪ ಇಳಿಸುವ ಉಪಾಯವೆಂದು, ಗಂಜಿಯ ಪಾತ್ರೆಯನ್ನು ತಾನೇ ಎತ್ತಿ ತರಲು ಹೋಯಿತು. ಪಾತ್ರೆ ಬಲಗೈಯ ಮೇಲೆ ಮಗುಚಿತು. ಗಂಜಿ ನೀರಿನ ಹಾಗೆ ಹರಿದು ಹೋಗುವುದಿಲ್ಲ. ಮೆತ್ತಿಕೊಳ್ಳುತ್ತದೆ, ಮೆತ್ತಿಕೊಂಡಲ್ಲೇ ಕೂತು ಬೇಯಿಸುತ್ತದೆ.

ಆದರೆ ಅವಳನ್ನು ತಿನ್ನುತ್ತಿದ್ದುದು ಆ ದಿನವಲ್ಲ, ಆಸ್ಪತ್ರೆಯ ಇನ್ನೊಂದು ದಿನ. ಅಲ್ಲಿ ಬೆರಳುಗಳಿಗೆ ವ್ಯಾಯಾಮ ಮಾಡಿಸುವ ಒಬ್ಬ ದಪ್ಪನೆಯ ಹೆಂಗಸಿದ್ದಳು. ವಾರ್ಡಿನ ಮಕ್ಕಳೆಲ್ಲ ಅವಳನ್ನು ಬೆರಳಮ್ಮ ಅನ್ನುತ್ತಿದ್ದವು. ಬಾಯಿ ತುಂಬ ನಗುತ್ತ, ಕೈಯಲ್ಲಿ ಮಾತ್ರ ಕರುಣೆ ಇಲ್ಲದೆ ಕೆಲಸ ಮಾಡುವವಳು. ಅವಳು ಲಾಳಿಯ ಕೈ ಹಿಡಿದುಕೊಂಡು ಅಮ್ಮನಿಗೆ ಹೇಳಿದ್ದಳು: "ನೋಡಮ್ಮ, ಗಾಯ ಮಾಗ್ತಾ ಮಾಗ್ತಾ ಚರ್ಮ ತನ್ನ ಕಡೆಗೇ ಎಳ್ಕೊಳ್ಳುತ್ತೆ. ದಿನಾ ಬಿಡಿಸ್ದೇ ಇದ್ರೆ ಕೈ ಸೇದ್ಹೋಗುತ್ತೆ. ಅಳಲಿ, ಬಿಡ್ಬೇಡಿ. ಅಳೋ ಮಕ್ಕಳ ಕೈ ಬೇಗ ನೆಟ್ಟಗಾಗುತ್ತೆ; ಸುಮ್ನಿರೋ ಮಕ್ಕಳದ್ದೇ ನಂಗೆ ಹೆದರಿಕೆ." ಆ ಗಳಿಗೆಗೆ ಅಮ್ಮನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಕೈ ಸೇದ್ಹೋಗುತ್ತೆ. ಲಾಳಿ ಹಾಸಿಗೆಯ ಮೇಲಿಂದ ಕತ್ತು ತಿರುಗಿಸಿ ಅಮ್ಮನನ್ನು ನೋಡಿತು. ಅತ್ತಿದ್ದರೆ, ಬೈದಿದ್ದರೆ, ಮುಖ ತಿರುಗಿಸಿದ್ದರೆ ತಡೆಯಬಹುದಿತ್ತು. ಗೊತ್ತಾಯಿತು ಎನ್ನುವ ಹಾಗೆ ನೋಡಿ, ಅಷ್ಟೇ ನೋಡಿ, ಮತ್ತೆ ಗೋಡೆಗೆ ತಿರುಗಿತು. ಅಂದಿನಿಂದ ಆ ಮಗು ಒಂದು ಕೆಟ್ಟ ಮಾತು ಆಡಿಲ್ಲ. ಅಂದಿನಿಂದ ಅಮ್ಮನಿಗೆ ಕೈ ಕೊಟ್ಟಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಎಲ್ಲಿಗೆ ಹೋಗುತ್ತದೆ? ಹೋಗಿದ್ದರೆ ಚೆನ್ನಾಗಿತ್ತು. ಅದು ಹೋಗದೆ ಮಗುವಿನ ಕೈಯಲ್ಲೇ ಮನೆ ಮಾಡಿತ್ತು.

"ಅಲ್ಲಿ ದಪ್ಪ ಆಯ್ತು ನೋಡು" ಅಂದ ಗಂಡ ಹಾಸಿನಾಚೆಯಿಂದ, ಮೆಲ್ಲಗೆ.

"ಕಾಣುತ್ತೆ ನಂಗೆ" ಅಂದಳು.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಮೋಟಾರು ಬೈಕು ನಿಂತ ಸದ್ದಾಯಿತು. ನೂಲಿನವನು. ನೂಲು ಕೊಡುವವನೂ ಅವನೇ, ನೇಯ್ದ ಬಟ್ಟೆ ಒಯ್ಯುವವನೂ ಅವನೇ. ಆದ್ದರಿಂದ ಅವನು ಯಾರ ಜಗಲಿಯ ಮೇಲಾದರೂ ಚಪ್ಪಲಿ ಬಿಡದೆ ಹತ್ತಬಹುದಿತ್ತು. "ಏನ್ ತಂಗಿ, ಭಾರೀ ಜೋರು ಕುಂಚ! ಹಾಸಿಗೆ ಬಡೀತಿದ್ದೀಯೋ ಏನು?" ಎಂದು ತನ್ನ ತಮಾಷೆಗೆ ತಾನೇ ನಗುತ್ತ ಬಂದು, ಮೆಟ್ಟಿಲ ಬಳಿ ನಿಂತು ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದ. "ತಗೋ ಮರಿ. ನಮ್ಮ ಲಾಳಿ ಮರಿ." ಲಾಳಿ ಎದ್ದು ನಿಂತು ಎಡಗೈಯಲ್ಲಿ ತೆಗೆದುಕೊಂಡಿತು. "ಎಲ್ಲಿ, ಹೇಗಿದೆ ನೋಡೋಣ, ತೋರ್ಸು ಕೈ."

ಅವಳ ಕುಂಚ ಎಳೆಗಳ ನಡುವೆ ನಿಂತಿತು. ಲಾಳಿ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು, ಹಲ್ಲಿನಿಂದ ಕೈಗವಸಿನ ತುದಿ ಕಚ್ಚಿ, ಎಡಗೈಯಿಂದ ಒಂದೊಂದೇ ಬೆರಳು ಸಡಿಲಿಸಿ, ಸರಕ್ಕನೆ ಎಳೆದು, ಕೈಯನ್ನು ಬಿಸಿಲಿಗೆ ಹಿಡಿಯಿತು. ಎಷ್ಟು ರೂಢಿಯಾಗಿತ್ತು ಅದಕ್ಕೆ! ತಾನು ಕಾಣದಿದ್ದಾಗ ಎಷ್ಟು ಜನರಿಗೆ ಹೀಗೆ ಬಿಚ್ಚಿ ತೋರಿಸಿರಬಹುದು, ಅಂಗಡಿಯ ಮುಂದೆ, ಶಾಲೆಯ ಗೇಟಿನಲ್ಲಿ, ನಲ್ಲಿಯ ಬಳಿ? ಅಂಗೈ ಕೆಂಪಗೆ ಹೊಳೆಯುತ್ತಿತ್ತು, ಗಂಟುಗಂಟಾಗಿ, ಕರಗಿ ಮತ್ತೆ ಗಟ್ಟಿಯಾದ ಮೇಣದ ಹಾಗೆ. "ಇಲ್ಲಿ ಮುಟ್ಟಿದ್ರೆ ನಂಗೆ ಗೊತ್ತಾಗಲ್ಲ" ಎಂದು ಲಾಳಿ ಎಡಗೈ ಬೆರಳಿಂದ ತೋರಿಸಿ ವಿವರಿಸುತ್ತಿತ್ತು. "ಇಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ. ಮುಟ್ಟಿ ನೋಡ್ತೀರಾ?"

ನೂಲಿನವನು ಮುಟ್ಟಿದ. "ಚ್ಚು ಚ್ಚು ಚ್ಚು" ಅಂದ. "ಬಲಗೈಯೇ ಆಗ್ಬೇಕಾ, ಅದೂ ನೇಯೋರ ಮನೆ ಮಗು. ಹೋಗ್ಲಿ ಬಿಡು, ಮುಖಕ್ಕೇನೂ ಆಗಿಲ್ವಲ್ಲ."

ಮುಖಕ್ಕೇನೂ ಆಗಿಲ್ವಲ್ಲ. ನೋಡಲು ಬಂದವರೆಲ್ಲ ಹೋಗುವಾಗ ಹೊಸ್ತಿಲ ಬಳಿ ಬಿಟ್ಟು ಹೋಗುವ ಮಾತು ಅದು. ಅವಳ ಕೈಯಿಂದ ಕುಂಚ ಹಾರಿ ಗಂಜಿಯ ಬಕೆಟ್ಟಿಗೆ ಬಡಿಯಿತು. ಕೋಲುಗಳ ಕೆಳಗೆ ನುಸುಳಿ ಆಚೆ ಬಂದಾಗ ಹೆಗಲಿಗೆ ತಗುಲಿ ನಾಲ್ಕಾರು ಎಳೆ ಕಿತ್ತವು. "ಕೈ ತೆಗೀರಿ ಅಣ್ಣಾ! ಸಂತೇಲಿಟ್ಟಿರೋ ಸಾಮಾನಾ ಇದು, ಮುಟ್ಟಿ ಮುಟ್ಟಿ ನೋಡೋಕೆ? ಬೇಕಾದ್ರೆ ನಿಮ್ಮನೆ ಮಕ್ಕಳ ಕೈ ನೋಡ್ಕೊಳ್ಳಿ ಹೋಗಿ!"

"ಏ, ಏನೇ ಇದು..." ಅಂದ ಗಂಡ. "ಗಂಜಿ ಹಚ್ಚಿದೆ. ಒಣಗುತ್ತೆ."

"ಒಣಗ್ಲಿ!"

"ಹಾಸು ಹಾಳಾಗುತ್ತೆ ಕಣೆ."

"ಹಾಳಾಗ್ಲಿ! ಹಾಸು ಕೆಡುತ್ತೆ ಅನ್ನೋದು ಕಾಣುತ್ತಲ್ಲ ನಿಮಗೆ, ಆ ಬೆರಳು ಕಾಣಲ್ವಾ? ಬರೀ ಸವರೋದು, ಸವರೋದು!" ಎಂದು ಲಾಳಿಯ ಎಡ ರಟ್ಟೆ ಹಿಡಿದು ಒಳಕ್ಕೆ ನಡೆದಳು. ಅತ್ತೆ ಜಗಲಿಯ ಕಂಬ ಹಿಡಿದು ಎದ್ದು ನಿಂತದ್ದು, ಓರಗಿತ್ತಿ ಬಿದ್ದ ಕುಂಚಕ್ಕೆ ಓಡಿದ್ದು, ನೂಲಿನವನು ಮುಟ್ಟಿದ್ದ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತದ್ದು, ಇಷ್ಟೂ ಕಣ್ಣಂಚಿನಲ್ಲಿ ಕಂಡು ಹಿಂದೆ ಉಳಿಯಿತು.

ಮಗ್ಗದ ಕೋಣೆ ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆ ಕಟ್ಟುವಷ್ಟು ಮಬ್ಬಾಗಿತ್ತು. ಬರಿದಾದ ಮಗ್ಗ ಹೊಸ ಹಾಸಿಗಾಗಿ ಬಾಯಿ ತೆರೆದುಕೊಂಡು ನಿಂತಿತ್ತು. ಕೂತು ನೇಯುವ ಹಲಗೆಯ ಮೇಲೆ ಲಾಳಿಯನ್ನು ಕೂರಿಸಿ, ಎದುರಿಗೆ ನೆಲದ ಮೇಲೆ ಕೂತಳು. ಗೋಡೆಯ ಗೂಡಿನಲ್ಲಿದ್ದ ಮುಲಾಮಿನ ಕೊಳವೆ ತೆಗೆದಳು. ಗಂಜಿಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಂಗೈಯದು ಹೋಯಿತು, ಬೆರಳ ಸಂದಿಯದೂ ಹಿಂಗೈಯದೂ ಉಳಿಯಿತು.

"ಕೊಡು ಕೈ."

"ಅಪ್ಪ ಮಾಡ್ತಾರೆ ಸಾಯಂಕಾಲ."

"ಅಪ್ಪ ಮಾಡಿದ್ದು ಕಂಡಿದ್ದೀನಿ. ಕೊಡು."

"ನೀನು ಬೇಡಮ್ಮ." ದನಿಯಲ್ಲಿ ಹಟವಿರಲಿಲ್ಲ. ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ, ತಾಳ್ಮೆಯಿಂದ ಹೇಳಿತು. ಆ ತಾಳ್ಮೆಯೇ ಅವಳ ನೆತ್ತಿಗೇರಿತು. ಬೆನ್ನ ಹಿಂದಿದ್ದ ಕೈಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು. ಎಷ್ಟು ದಿನದ ಮೇಲೆ ಈ ಕೈ! ಬಿರುಸಾಗಿ, ಬೆಚ್ಚಗೆ, ಯಾರದೋ ಕೈಯ ಹಾಗಿತ್ತು. ಹುಟ್ಟಿದಾಗ ಇದೇ ಕೈ ಮುಷ್ಟಿ ಬಿಗಿದುಕೊಂಡು ಬಂದಿತ್ತು. ಸ್ನಾನ ಮಾಡಿಸುವಾಗ ಒಂದೊಂದೇ ಬೆರಳು ಬಿಡಿಸಿ ಸಂದಿಯಲ್ಲಿ ಸಿಕ್ಕಿಕೊಂಡ ನೂಲಿನ ಎಳೆ ತೆಗೆಯುತ್ತಿದ್ದಳು. ಬಿಡಿಸಿದರೆ ಮತ್ತೆ ಮುಚ್ಚುತ್ತಿತ್ತು, ಬಿಡಿಸಿದರೆ ಮತ್ತೆ ಮುಚ್ಚುತ್ತಿತ್ತು, ಅದೊಂದು ಆಟ. ಮುಲಾಮು ಹಚ್ಚಿ ತಿಕ್ಕಿದಳು. ಕಿರುಬೆರಳನ್ನು ಬುಡದಲ್ಲಿ ಒತ್ತಿ ಹಿಡಿದು, ಬೆರಳಮ್ಮ ತೋರಿಸಿದಂತೆ, ಎತ್ತತೊಡಗಿದಳು.

ಲಾಳಿಯ ಕಾಲಿನ ಬೆರಳುಗಳು ಮುದುಡಿದವು. ಎಡಗೈ ತಾನಾಗಿ ಮೇಲೆ ಬಂದು ಬಾಯಿಯನ್ನು ಒತ್ತಿ ಮುಚ್ಚಿಕೊಂಡಿತು. ಕಣ್ಣಿಂದ ನೀರಿಳಿಯುತ್ತಿತ್ತು.

"ಬಾಯಿ ಯಾಕೆ ಮುಚ್ಕೊಂಡಿದ್ದೀಯ? ಅಳು."

ತಲೆ ಅಲ್ಲಾಡಿಸಿತು.

"ಕಿರುಚು. ಬೆರಳಮ್ಮ ಹೇಳಿಲ್ವಾ ಅಳಬೇಕು ಅಂತ? ನನ್ನ ಮೇಲೆ ಕೋಪ ಇದೆ ತಾನೇ ನಿಂಗೆ? ಅವತ್ತು ನಾನು ಅಂದಿದ್ದಕ್ಕೆ?" ಕೇಳಿಬಿಟ್ಟಳು. "ಇದೆಯೋ ಇಲ್ವೋ ಹೇಳು."

ತಲೆ ಹೌದೆಂದಿತು.

"ಮತ್ತೆ ಬೈಯಿ ನನ್ನ! ಬಾಯಿ ತೆಗೆದು ಬೈಯಿ!"

ಲಾಳಿ ಬಾಯಿಯ ಮೇಲಿನ ಕೈಯನ್ನು ಸ್ವಲ್ಪವೇ ಎತ್ತಿ, ಒಳಗಿಂದ ಏನೋ ಹಾರಿ ಹೊರಬಿದ್ದೀತೆಂಬ ಹಾಗೆ, ಪಿಸುಗುಟ್ಟಿತು: "ಬೈಯಲ್ಲ. ಬೈದ್ರೆ ಆಗ್ಬಿಡುತ್ತೆ."

"ಏನಾಗುತ್ತೆ?"

"ನಿನ್ನ ಕೈಗೆ."

ಹೊರಗೆ ಗಂಡ ಓರಗಿತ್ತಿಗೆ ಏನೋ ಹೇಳುತ್ತಿದ್ದ. ಕುಂಚದ ಸದ್ದು ಆತುರಾತುರವಾಗಿ ಕೇಳುತ್ತಿತ್ತು.

"ನೀನು ಹಿಡಿದ್ರೆ ಜಾಸ್ತಿ ನೋಯುತ್ತಮ್ಮ" ಎಂದಿತು ಲಾಳಿ. "ಜಾಸ್ತಿ ನೋವಾದ್ರೆ ನಂಗೆ ಬಾಯಿಗೆ ಬಂದ್ಬಿಡುತ್ತೆ. ಆಸ್ಪತ್ರೇಲೂ ಬಂದಿತ್ತು, ನುಂಗಿಬಿಟ್ಟೆ. ಅದಕ್ಕೇ ಅಪ್ಪ ಮಾಡ್ಲಿ ಅಂದಿದ್ದು."

ಅವಳಿಗೆ ಕರುಳು ಕರಗಬೇಕಿತ್ತು. ಕರಗಲಿಲ್ಲ, ಸಿಟ್ಟೇ ಇನ್ನಷ್ಟು ಬಂತು, ಈಗ ಯಾರ ಮೇಲೆಂದು ಗೊತ್ತಾಗದ ಸಿಟ್ಟು. ತಾನು ಇಷ್ಟು ದಿನ ಮಗು ತನ್ನನ್ನು ಕಂಡು ಹೆದರಿದೆ, ತನ್ನನ್ನು ದೂರ ಇಟ್ಟಿದೆ ಎಂದು ಮೂಲೆಯಲ್ಲಿ ಕೂತು ತನ್ನ ಗಾಯವನ್ನು ತಾನೇ ನೆಕ್ಕಿಕೊಳ್ಳುತ್ತಿದ್ದಾಗ, ಈ ಇಷ್ಟು ಪ್ರಾಣಿ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡು ಅಮ್ಮನ ಎರಡು ಕೈಗಳಿಗೆ ಕಾವಲು ಕೂತಿತ್ತು. ಯಾರು ಹೇಳಿದ್ದರು ಇದಕ್ಕೆ ಕಾವಲು ಕಾಯಲು? ಈ ಮಗುವಿನಿಂದ ಕಾವಲು ಕಾಯಿಸಿಕೊಂಡಳಲ್ಲ ತಾನು!

"ಕೇಳು ಇಲ್ಲಿ. ಗಂಜಿ ಕಾಯಿಸಿದ್ದು ನಾನು. ಬಾಗಿಲ ಹತ್ರ ಇಟ್ಟಿದ್ದು ನಾನು. ಓಡಾಡೋ ಜಾಗದಲ್ಲಿ ಇಡಬಾರದಿತ್ತು, ಇಟ್ಟೆ. ಅದರಿಂದ ಆಯ್ತು. ಬೈದಿದ್ದರಿಂದ ಅಲ್ಲ."

"ಅವತ್ತು ಬೈದೆ, ಅವತ್ತೇ ಆಯ್ತು."

"ಅವತ್ತೊಂದಿನ ಬೈದಿದ್ನಾ? ದಿನಾ ಬೈತಿದ್ದೆ. ದಿನಾ ಯಾಕಾಗ್ಲಿಲ್ಲ? ನಿಮ್ಮಪ್ಪ ಹುಟ್ಟಿದಾಗಿಂದ ನಿಮ್ಮಜ್ಜಿ ಅವರಿಗೆ ನಿನ್ನ ನಾಲಗೆ ಬಿದ್ಹೋಗ ಅಂತ ಬೈದಿದ್ದಾಳೆ. ಬಿದ್ದಿದ್ಯಾ?"

ಲಾಳಿ ಯೋಚಿಸಿತು. "ಅಪ್ಪ ಮಾತೇ ಆಡಲ್ವಲ್ಲ" ಅಂದಿತು.

ನಗು ಬಂದುಬಿಟ್ಟಿತು ಅವಳಿಗೆ, ಅಳುವಿನ ಹಾಗೆ ಗಂಟಲು ಹರಿದುಕೊಂಡು. ಮಗು ನಗಲಿಲ್ಲ, ಅದು ತಮಾಷೆಗೆ ಹೇಳಿದ್ದಲ್ಲ. ಅವಳು ನಗು ನುಂಗಿ, ಮತ್ತೆ ಕಿರುಬೆರಳ ಬುಡ ಒತ್ತಿ ಹಿಡಿದಳು. "ನೋಡೇಬಿಡೋಣ ಹಾಗಾದ್ರೆ. ನಾನು ಬಿಡಲ್ಲ. ನೀನು ಬೈಯೋವರೆಗೂ ಬಿಡಲ್ಲ." ಬೆರಳು ಏಳತೊಡಗಿತು. ಚರ್ಮ ಬಿಳಿಚಿಕೊಂಡು ತಂತಿಯ ಹಾಗೆ ಬಿಗಿಯಿತು. ಲಾಳಿ ಹಲಗೆಯ ಮೇಲೆ ಹಿಂದಕ್ಕೆ ಬಾಗಿತು, ಕಾಲಿನಿಂದ ಅವಳ ಎದೆಗೆ ಒದೆಯಿತು, "ಸಾಕು" ಅಂದಿತು, "ಸಾಕಮ್ಮ" ಅಂದಿತು, "ಅಪ್ಪಾ" ಅಂದಿತು. ಅವಳು ಬಿಡಲಿಲ್ಲ. ರಾಕ್ಷಸಿ ಅನ್ನಲಿ ಊರು. ಬಾಯಿಯ ಮೇಲಿದ್ದ ಕೈ ಜಾರಿತು.

"ನಿನ್... ನಿನ್ ಕೈ ಸೇದ್ಹೋಗ!"

ಓಣಿಯಲ್ಲಿ ಕುಂಚದ ಸದ್ದು ನಿಂತಿತು.

"ನಿನ್ ಕೈ ಸೇದ್ಹೋಗ! ನಿನ್ ಮೋರೆ ಸುಡ! ನಿನ್ ಗಂಜಿ ಪಾತ್ರೆಗೆ ಬೆಂಕಿ ಬೀಳ! ಬೇಡ ಅಂದ್ರೂ ಕೇಳಲ್ಲ, ರಾಕ್ಷಸಿ, ಯಾಕೆ ಅಲ್ಲಿಟ್ಟೆ, ಯಾಕೆ ಅಲ್ಲಿಟ್ಟೆ ಅದನ್ನ!" ಅಜ್ಜಿಯ ದನಿ, ಅಜ್ಜಿಯ ರಾಗ, ಅದರೊಳಗೆ ಒಡೆದುಹೋಗುತ್ತಿದ್ದ ಮಗುವಿನ ಕೊರಳು. ಸೋಸಿ ಬಿಸಾಡಿದ ಮಾತೆಲ್ಲ ಎಲ್ಲಿ ಇಟ್ಟುಕೊಂಡಿತ್ತೋ, ಒಂದೂ ಬಿಡದೆ ತಿರುಗಿ ಎಸೆಯಿತು. ಅವಳು ಒಂದೊಂದನ್ನೂ ಮುಖಕ್ಕೆ ಹಿಡಿದುಕೊಂಡಳು, ಹೆಬ್ಬೆರಳು ಮಾತ್ರ ಸಡಿಲಿಸಲಿಲ್ಲ. ಯಾಕೆ ಅಲ್ಲಿಟ್ಟೆ? ಮೋಡ ಕವಿಯುವಂತಿತ್ತು, ಆತುರವಿತ್ತು. ಅದು ಉತ್ತರವೇ?

ಬೆರಳು ಎಷ್ಟು ಬರುವುದೋ ಅಷ್ಟು ಬಂದು ನಿಂತಿತು. ಪೂರ್ತಿ ನೆಟ್ಟಗಲ್ಲ. ಬೆಳಿಗ್ಗೆ ಇದ್ದಂತೆಯೂ ಅಲ್ಲ. ಅವಳು ಬಿಟ್ಟಳು. ಲಾಳಿ ಏದುಸಿರು ಬಿಡುತ್ತ, ಇದ್ದಕ್ಕಿದ್ದಂತೆ ಅಳು ನಿಲ್ಲಿಸಿ, ಅಮ್ಮನ ಕೈಯನ್ನು ನೋಡಿತು. ಅವಳೂ ನೋಡಿಕೊಂಡಳು. ಸಂದಿಯಲ್ಲೂ ಹಿಂಗೈಯಲ್ಲೂ ಉಳಿದಿದ್ದ ಗಂಜಿ ಈಗ ಒಣಗಿ ಬೆಳ್ಳಗೆ, ಮರದ ತೊಗಟೆಯ ಹಾಗೆ ಬಿಗಿದುಕೊಂಡಿತ್ತು. ಅಷ್ಟು ಹೊತ್ತು ಬಲವಾಗಿ ಹಿಡಿದಿದ್ದ ಬೆರಳುಗಳು ಮರಗಟ್ಟಿ, ಹಿಡಿದ ಹಾಗೇ ಬಾಗಿದ್ದವು. ಬಿಡಿಸಲು ಹೋದಳು. ಒಂದು ಗಳಿಗೆ, ಒಂದೇ ಗಳಿಗೆ, ಅವು ಬರಲಿಲ್ಲ. ಮಗುವಿನ ಮುಖದ ರಕ್ತ ಇಳಿಯಿತು. ಆ ಗಳಿಗೆಯಲ್ಲಿ ಅವಳೂ ನಂಬಿದಳು. ಲೆಕ್ಕ ಸರಿಯಾಯಿತು, ತೀರಿತು ಅಂದುಕೊಂಡಳು. ಆಮೇಲೆ ಹಲ್ಲು ಕಚ್ಚಿ ಬೆರಳುಗಳನ್ನು ಬಿಡಿಸಿದಳು. ಗಂಜಿ ಚಟಚಟ ಬಿರಿದು ಹೊಟ್ಟಿನ ಹಾಗೆ ಲಾಳಿಯ ತೊಡೆಯ ಮೇಲೆ ಉದುರಿತು.

"ನೋಡು."

"ಮುಚ್ಚು" ಅಂದಿತು ಲಾಳಿ. ಮುಚ್ಚಿದಳು. "ಮತ್ತೆ ಬಿಚ್ಚು." ಬಿಚ್ಚಿದಳು. ಲಾಳಿ ತನ್ನ ಎಡಗೈಯಿಂದ ಅಮ್ಮನ ಒಂದೊಂದು ಬೆರಳನ್ನೂ ಹಿಡಿದು, ಎತ್ತಿ, ಬಗ್ಗಿಸಿ ನೋಡಿತು. ನಂಬಿಕೆ ಬರಲಿಲ್ಲ. "ನಂದೂ ಆಗಲೇ ಸೇದ್ಲಿಲ್ಲ. ಆಮೇಲೆ ಸೇದಿದ್ದು. ನಾಳೆ ನೋಡ್ಬೇಕು."

"ನೋಡು. ನಾಳೆ ನೋಡು, ನಾಡಿದ್ದು ನೋಡು. ಆದ್ರೆ ನಿನ್ನ ಕೈ ಇನ್ಮೇಲೆ ನಾನೇ ಹಿಡಿಯೋದು. ನೀನು ಎಷ್ಟು ಬೇಕಾದ್ರೂ ಬೈಕೊ."

ಹೊರಗೆ ಬಂದಾಗ ಬಿಸಿಲು ಏರಿತ್ತು. ಹಾಸಿನ ನಡುಭಾಗ ಅಂಟಿಕೊಂಡು ಪಟ್ಟಿಯಾಗಿತ್ತು. ಗಂಡ, ಓರಗಿತ್ತಿ ಇಬ್ಬರೂ ಬಗ್ಗಿ ಎಳೆಯಿಂದ ಎಳೆ ಬಿಡಿಸುತ್ತಿದ್ದರು. ನೂಲಿನವನ ಕೈಗೂ ಯಾರೋ ಒಂದು ಕೋಲು ಕೊಟ್ಟು ಹಿಡಿಸಿದ್ದರು. ಗಂಡ ತಲೆ ಎತ್ತಿ ಅವಳನ್ನು ನೋಡಿದ, ಮಗುವನ್ನು ನೋಡಿದ. ಅವಳು ತನ್ನ ಕುಂಚಕ್ಕೆ ಕೈ ಚಾಚಿದಾಗ ಕೊಟ್ಟ. ಅತ್ತೆ ಮಾತ್ರ ಕಂಬ ಬಿಟ್ಟು ಬಂದಳು. "ಏನೇ ಅದು! ಆ ಮಗು ಬಾಯಲ್ಲಿ ಎಂಥ ಮಾತು!"

"ನಿಮ್ಮತ್ರಾನೇ ಕಲಿತದ್ದು ಅತ್ತೆ, ನಾವಿಬ್ರೂ."

ನೂಲಿನವನು, ಕಳೆದುಹೋದ ಮರ್ಯಾದೆಯನ್ನು ಹೇಗಾದರೂ ಎತ್ತಿಕೊಳ್ಳಬೇಕೆಂದು, ಲಾಳಿಯ ಕಡೆ ತಿರುಗಿ ನಕ್ಕ. "ನೋವಾಯ್ತಾ ಮರಿ? ಎಲ್ಲಿ..." ಎಂದು ಅಭ್ಯಾಸಬಲದಿಂದ ಕೈ ಚಾಚಿದ.

ಲಾಳಿ ಮೆಟ್ಟಿಲ ಮೇಲೆ ಎದ್ದು ನಿಂತಿತು. "ಮೊದ್ಲು ನಿಮ್ದು ತೋರ್ಸಿ."

"ಆಂ?"

"ನಿಮ್ ಕೈ. ತೋರ್ಸಿ."

ಅವನು ತೋರಿಸಿದ. ಬೇರೆ ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲ. ಲಾಳಿ ಆ ಅಂಗೈಯನ್ನು ಬಗ್ಗಿ ನೋಡಿತು, ತಿರುಗಿಸಿ ಹಿಂಭಾಗವನ್ನೂ ನೋಡಿತು. "ಚ್ಚು ಚ್ಚು ಚ್ಚು" ಅಂದಿತು. ಓರಗಿತ್ತಿ ಎಳೆಗಳೊಳಗೆ ಮುಖ ಹುದುಗಿಸಿಕೊಂಡು ಭುಜ ಕುಲುಕಿಸಿದಳು. ಲಾಳಿ ಕೂತು, ಬಿಸ್ಕತ್ತಿನ ಪೊಟ್ಟಣವನ್ನು ಹಲ್ಲಿನಿಂದ ಹರಿಯಿತು.

ಅವಳು ಹಾಳಾದ ಭಾಗಕ್ಕೆ ನೀರು ಚಿಮುಕಿಸಿ, ಗಂಜಿ ನೆನೆಯಲು ಬಿಟ್ಟು, ಬೆರಳ ತುದಿಯಿಂದ ಎಳೆ ಬಿಡಿಸತೊಡಗಿದಳು. ಕೆಲವು ಬಂದವು, ಕೆಲವು ಕಿತ್ತವು. ಹಾಸಿನಾಚೆ ಗಂಡನ ಕುಂಚ ಸರ್ ಸರ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ದನಿ ಬಂತು, ಬಾಯಿತುಂಬ ಬಿಸ್ಕತ್ತು ತುಂಬಿಕೊಂಡದ್ದು:

"ಅಮ್ಮಾ, ಸೇದಿತಾ?"

ತಿರುಗದೆ ಕೈ ಎತ್ತಿ ಐದೂ ಬೆರಳು ಬಿಡಿಸಿ ತೋರಿಸಿದಳು. ಮತ್ತೆ ಕೆಲಸಕ್ಕೆ ಬಗ್ಗಿದಳು. ಇನ್ನಷ್ಟು ಹೊತ್ತಿಗೆ ಮತ್ತೆ, "ಈಗ?" ಮತ್ತೆ ತೋರಿಸಿದಳು. ಮತ್ತೆ, "ಈಗ ಸೇದಿತಾ?"

"ಇಲ್ಲ ಕಣೇ! ನಿನ್ ಬಾಯಿಗಿಷ್ಟು..." ಅಂದವಳು ಅಲ್ಲಿಗೇ ನಿಂತಳು. ಗಂಡನ ಕುಂಚವೂ ನಿಂತಿತು.

"ಹೇಳಮ್ಮ" ಅಂದಿತು ಲಾಳಿ ಮೆಟ್ಟಿಲ ಮೇಲಿಂದ. "ಏನೂ ಆಗಲ್ಲ ಅಂದ್ಯಲ್ಲ? ಪೂರ್ತಿ ಹೇಳು."

ಅವಳು ತಿರುಗಿ ನೋಡಿದಳು. ಮಗು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ, ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು, ಕಾಯುತ್ತಿತ್ತು. ಅವಳು ತೆಗೆದ ಬಾಯಿ ತೆಗೆದಂತೆಯೇ ಇತ್ತು. ಸಾವಿರ ಸಲ ಅಂದ ಮಾತು, ಕೆಮ್ಮಿದಷ್ಟು ಹಗುರಾದ ಮಾತು, ನಾಲಗೆಯ ತುದಿಯಲ್ಲೇ ಇತ್ತು. ನಾಲಗೆ ಏಳಲಿಲ್ಲ. ಎಳೆಗಳು ಒಣಗುತ್ತಿದ್ದವು.